ನಾಲ್ಕು ಬೆರಳು ಕೆಳಗೆ

"ಒಂಬತ್ತನೇ ಕ್ಲಾಸು ದಾಟೋಕೆ ಆಗದವನು ಲೇಖಕ ಆಗಿದ್ದಾನೆ. ಎಲ್ಲರೂ ಎದ್ದು ನಿಂತು ಕೈ ಮುಗೀರಪ್ಪ," ಅಂದ ಭಾವ.

ಸೋಮವಾರ ಬೆಳಿಗ್ಗೆ, ಲಿಫ್ಟು ರಿಪೇರಿ ಮಾಡುವ ನಮ್ಮ ವರ್ಕ್‌ಶಾಪಿನಲ್ಲಿ ಎಂಟೂ ಜನ ಇದ್ದೆವು. ಕಳಚಿಟ್ಟ ಮೋಟರುಗಳ ನಡುವೆ ಲೋಟ ಇಟ್ಟುಕೊಂಡು ಟೀ ಕುಡಿಯೋ ಹೊತ್ತು. ನಮ್ಮ ಸೂಪರ್‌ವೈಸರೂ ಆದ ಭಾವ ಫೋನನ್ನು ಮೂಗಿನ ಹತ್ತಿರ ಹಿಡಿದು, ಪದ್ಯ ಓದಿಸುವ ಮೇಷ್ಟರ ಹಾಗೆ ಎಳೆದೆಳೆದು, ನಾನು ಬ್ಲಾಗಿನಲ್ಲಿ ಬರೆದದ್ದನ್ನು ಓದತೊಡಗಿದ.

‘ಐದನೇ ಮಹಡಿ ಅಂತ ಬಾಗಿಲು ತೆರೆಯುತ್ತೆ. ಐದನೇ ಮಹಡಿ ಇರೋದು ಮಾತ್ರ ನಾಲ್ಕು ಬೆರಳು ಮೇಲೆ. ಮೊದಲ ಸಲ ನೋಡಿದಾಗ ಒಂದು ಬೆರಳಿತ್ತು. ಮುಂದಿನ ತಿಂಗಳು ಎರಡು. ಈ ಲಿಫ್ಟು ಒಂದೇ ಸಲ ಬೀಳೋದಿಲ್ಲ. ಬೀಳೋದನ್ನ ಅಭ್ಯಾಸ ಮಾಡ್ತಿದೆ.’

ಯಾರೋ ಕಿಸಕ್ಕೆಂದರು. ಗ್ರೀಸ್ ತಾತ ತನ್ನ ಎಡಗೈ ಎತ್ತಿ ತೋರಿಸಿದರು. ನಮ್ಮಲ್ಲೆಲ್ಲ ಹಿರಿಯ ಮೆಕ್ಯಾನಿಕ್ಕು ಅವರು; ಆ ಕೈಯಲ್ಲಿ ಇರುವುದೇ ಮೂರು ಬೆರಳು. ನನ್ನ ಕೈಲಿ ಅಳೆಸಿ, ಮೂರರ ಮೇಲೆ ಹೋಗೋದೇ ಇಲ್ಲ, ಅಂದರು. ಎಲ್ಲರೂ ನಕ್ಕರು. ತಾತ ಮಾತ್ರ ನಗಲಿಲ್ಲ.

ಭಾವನೂ ನಗಲಿಲ್ಲ. ಫೋನನ್ನು ಮೇಜಿನ ಮೇಲೆ ಮಕಾಡೆ ಹಾಕಿ, ಉಂಡ ಮನೆಯ ಜಂತೆ ಎಣಿಸುವವನು ಅಂತ ನನ್ನನ್ನು ಕರೆದ. ಹೆಂಡತಿ ಮಾತು ಕೇಳಿ ಇವನನ್ನು ಸೇರಿಸಿಕೊಂಡೆ, ನನ್ನ ಬುದ್ಧಿಗೆ ಹೊಡೆಯಬೇಕು ಅಂದ. ಸಂಜೆಯೊಳಗೆ ಅಷ್ಟೂ ಬರಹ ಅಳಿಸಬೇಕು. ಮಧ್ಯಾಹ್ನ ಅದೇ ಕಟ್ಟಡಕ್ಕೆ ಹೋಗಿ, ಮಷಿನ್ ರೂಮಿನಲ್ಲಿ ತೂಗುಹಾಕಿರುವ ತಪಾಸಣೆ ಕಾರ್ಡಿನಲ್ಲಿ ತನ್ನ ಸಹಿಯ ಕೆಳಗೆ ನನ್ನ ಸಹಿಯನ್ನೂ ಹಾಕಿ ಬರಬೇಕು. ಇಲ್ಲವೆಂದರೆ ನಾಳೆಯಿಂದ ಬರಬೇಡ. ಎದುರಿಗೆ ನಾನು ಅವನಿಗೆ ನೀವು ತಾವು ಅನ್ನುತ್ತೇನೆ. ಇಲ್ಲಿ ಅವನು ಅಂತಲೇ ಬರೆಯುತ್ತೇನೆ.

ನನ್ನ ಬರಹದಲ್ಲಿ ಕಟ್ಟಡದ ಹೆಸರಿರಲಿಲ್ಲ, ಕಂಪನಿಯ ಹೆಸರಿರಲಿಲ್ಲ, ಭಾವನ ಸುದ್ದಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಿದ್ದ, ಅಷ್ಟೆ. ಆದರೆ ಹೆಗಲಿನ ಮೇಲೆ ನಿಜವಾಗಿ ಕುಂಬಳಕಾಯಿ ಇತ್ತಲ್ಲ, ಅದಕ್ಕೆ ನನಗೆ ನಗು ಬರಲಿಲ್ಲ.

ನಮ್ಮ ಕೆಲಸ ಹೇಳುತ್ತೇನೆ. ಅರವತ್ತೆರಡು ಲಿಫ್ಟು, ಎಂಟು ಜನ. ಪ್ರತಿ ಲಿಫ್ಟಿಗೆ ಒಂದು ಕಾರ್ಡು, ಕಾರ್ಡಿನಲ್ಲಿ ಹದಿನಾಲ್ಕು ಸಾಲು. ಬ್ರೇಕು, ಉಕ್ಕಿನ ಹಗ್ಗ, ಬಾಗಿಲ ಲಾಕು, ಎಣ್ಣೆ, ಹೀಗೆ. ತಿಂಗಳಿಗೊಮ್ಮೆ ಕಟ್ಟಡದ ನೆತ್ತಿಯಲ್ಲಿರುವ ಮಷಿನ್ ರೂಮಿಗೆ ಹೋಗಿ, ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ, ಸಾಲಿನ ಎದುರು ಸರಿ ಅಂತ ಗುರುತು ಹಾಕಿ ಸಹಿ ಮಾಡಬೇಕು. ಎಂಟು ಜನರ ಕೈಯಲ್ಲಿ ಅದು ಆಗಹೋಗುವ ಮಾತಲ್ಲ. ಹಾಗಾಗಿ ತಿಂಗಳ ಮೊದಲ ಸೋಮವಾರ ಕಾರ್ಡುಗಳೇ ವರ್ಕ್‌ಶಾಪಿಗೆ ಬರುತ್ತವೆ. ಭಾವ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಜೇಬಿನಲ್ಲಿ ಮೂರು ಪೆನ್ನು: ನೀಲಿ, ಕಪ್ಪು, ಮತ್ತೆ ಶಾಯಿ ಮುಗಿಯುತ್ತ ಬಂದ ಇನ್ನೊಂದು ನೀಲಿ. ಬೇರೆ ಬೇರೆ ದಿನ ಬೇರೆ ಬೇರೆ ಕಡೆ ನಿಂತು ಬರೆದ ಹಾಗೆ ಕಾಣಬೇಕಲ್ಲ. ಕೆಲವು ಕಾರ್ಡಿಗೆ ಹೆಬ್ಬೆರಳಲ್ಲಿ ಚೂರು ಗ್ರೀಸು ಒತ್ತುತ್ತಾನೆ. ನಾವು ಇದಕ್ಕೆ ಕುರ್ಚಿ ಸರ್ವಿಸ್ ಅನ್ನುತ್ತೇವೆ. ಎರಡು ಗಂಟೆಯಲ್ಲಿ ಅರವತ್ತೆರಡು ಲಿಫ್ಟೂ ಆರೋಗ್ಯವಾಗಿಬಿಡುತ್ತವೆ. ನಾವು ಓಡುವುದು ಯಾವುದಾದರೂ ಪೂರಾ ನಿಂತುಹೋದಾಗ ಮಾತ್ರ.

ಆ ನಾಲ್ಕು ಬೆರಳಿನ ಲಿಫ್ಟು ಇರುವುದು ಏಳು ಮಹಡಿಯ ಹಳೇ ಕಟ್ಟಡದಲ್ಲಿ. ಐದನೇ ಮಹಡಿಯಲ್ಲಿ ಮೂಳೆ ಡಾಕ್ಟರ ಕ್ಲಿನಿಕ್ಕು. ಕಾಲು ಮುರಿದುಕೊಂಡವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮೇಲೆ ಕೆಳಗೆ ಓಡಾಡಿಸುವ ಕೆಲಸ ನನ್ನ ಅಕ್ಕನದು. ದಿನಕ್ಕೆ ನಲವತ್ತು ಸಲ ಅವಳು ಆ ಲಿಫ್ಟು ಹತ್ತುತ್ತಾಳೆ. ಅವಳ ಗಂಡನೇ ಆ ಲಿಫ್ಟಿಗೆ ಸರಿ ಗುರುತು ಹಾಕುವವನು.

ಬೆರಳಿನ ಲೆಕ್ಕ ಮೊದಲು ಹೇಳಿದವಳೂ ಅವಳೇ. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರ ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತೆ ಕಣೋ, ಮುದುಕರಿಗೆ ಕುಲುಕಾಡಿಸಿದ ಹಾಗಾಗುತ್ತೆ ಅಂದಿದ್ದಳು. ನಾನು ಹೋಗಿ ನೋಡಿದೆ. ಮಷಿನ್ನಿನ ಗೇರ್ ಪೆಟ್ಟಿಗೆಯಿಂದ ಎಣ್ಣೆ ಒಸರಿ, ಶಾಫ್ಟಿನಗುಂಟ ಹರಿದು, ಬ್ರೇಕಿನ ಡ್ರಮ್ಮಿಗೆ ಬರುತ್ತಿತ್ತು. ಬ್ರೇಕು ಅಂದರೆ ಎರಡು ಕೈ ಗಟ್ಟಿಯಾಗಿ ಒಂದು ಕೊಡ ಹಿಡಿದ ಹಾಗೆ. ಕೊಡಕ್ಕೆ ಎಣ್ಣೆ ಸವರಿದರೆ ಕೈ ಎಷ್ಟು ಗಟ್ಟಿಯಿದ್ದರೇನು? ಅದನ್ನು ಸರಿ ಮಾಡಲು ನಾಲ್ಕು ದಿನ ಲಿಫ್ಟು ನಿಲ್ಲಿಸಬೇಕು. ಕಟ್ಟಡದ ಮ್ಯಾನೇಜರು ನಾಲ್ಕು ತಾಸೂ ನಿಲ್ಲಿಸಲು ಒಪ್ಪುವವನಲ್ಲ. ನಾನು ಭಾವನಿಗೆ ಹೇಳಿದೆ. ನೋಡೋಣ ಅಂದ. ಮತ್ತೆ ಹೇಳಿದೆ. ಬಾಯಿ ಮುಚ್ಚಿಕೊಂಡು ಕೆಲಸ ಕಲಿ ಅಂದ. ಮೂರನೇ ಸಲ ಬ್ಲಾಗಿಗೆ ಹೇಳಿದೆ.

ಬ್ಲಾಗಿನ ಹೆಸರು ‘ಮೇಲೆ ಕೆಳಗೆ’. ಮಷಿನ್ ರೂಮಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು, ಎಡಗೈಯಲ್ಲಿ ಉಣ್ಣಲು ಬಾರದ ಕಾರಣ ಎಡಗೈಯಲ್ಲೇ ಟೈಪು ಮಾಡಿ, ಎರಡು ವರ್ಷದಲ್ಲಿ ನಲವತ್ತೊಂದು ಬರಹ ಬರೆದಿದ್ದೆ. ಓದುಗರು ಹನ್ನೊಂದು ಜನ. ಆ ಹನ್ನೊಂದರಲ್ಲಿ ಒಂದು ನಾನೇ ಇರಬೇಕು.

ನಾನೂ ಬೇರೆಯವರದನ್ನು ಓದುತ್ತಿದ್ದೆ. ಒಬ್ಬ ಆಂಬುಲೆನ್ಸ್ ಡ್ರೈವರು ಬಹಳ ಚೆನ್ನಾಗಿ ಬರೆಯುತ್ತಿದ್ದ. ಅವನ ಕೊನೆಯ ಸಾಲು, ‘ನಾಳೆ ಒಂದು ವಿಷಯ ಹೇಳಬೇಕು’ ಅಂತ ಇದೆ. ಆ ನಾಳೆ ಬಂದು ಎರಡು ವರ್ಷ ಆಯಿತು. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಮೂಟೆಗಳಲ್ಲಿ ಏನೇನು ಬರುತ್ತೆ ಅಂತ ಬರೆಯುತ್ತಿದ್ದಳು. ಒಂದು ದಿನ ಪುಟವೇ ಖಾಲಿ. ಔಷಧಿ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವವನು ತಾರೀಕಿನ ಚೀಟಿಯ ಮೇಲೆ ಚೀಟಿ ಅಂಟಿಸುವ ಕತೆ ಶುರು ಮಾಡಿದ್ದ. ಅರ್ಧಕ್ಕೆ ಬಿಟ್ಟು, ‘ಇನ್ನು ಮುಂದೆ ಈ ಬ್ಲಾಗು ಹೂಗಿಡಗಳ ಬಗ್ಗೆ’ ಅಂತ ಬರೆದ. ಮೂರು ಗುಲಾಬಿಯ ಫೋಟೋ ಹಾಕಿದ. ನಾಲ್ಕನೆಯದು ಬರಲಿಲ್ಲ.

ಆರಂಭ ಶೂರರು ಅಂತ ಇವರನ್ನೆಲ್ಲ ಬೈದುಕೊಂಡಿದ್ದೆ. ಬ್ಲಾಗು ಬರೆಯುವವರು ಯಾಕೆ ಕೈಬಿಡುತ್ತಾರೆ ಅಂತ ಬುದ್ಧಿವಂತರು ಬರೆದದ್ದೂ ಬೇಕಾದಷ್ಟಿದೆ. ಹೊತ್ತು ಸಾಲಲ್ಲ, ಸರಕು ಮುಗಿಯುತ್ತೆ, ಓದುವವರು ಸಿಗಲ್ಲ ಅನ್ನುತ್ತಾರೆ. ಅದರ ಬದಲು ವಿಡಿಯೋ ಮಾಡಿ, ಓದುಗರಿಗೆ ವಾರಕ್ಕೊಂದು ಇ-ಮೇಲ್ ಕಾಗದ ಬರೆಯಿರಿ ಅಂತ ಉಪದೇಶ. ಆ ಸೋಮವಾರ ಟೀ ಲೋಟ ಹಿಡಿದು ನಿಂತಾಗ ನನಗೆ ಗುಲಾಬಿಯವನ ನೆನಪಾಯಿತು. ಅವನಿಗೆ ಓದುವವರು ಸಿಕ್ಕಿರಲಿಲ್ಲ ಅಂತಲ್ಲ. ಸಿಕ್ಕಿದ್ದರು.

ವರ್ಕ್‌ಶಾಪಿನಿಂದ ಹೊರಡುವಾಗ ಗ್ರೀಸ್ ತಾತ ಬಾಗಿಲವರೆಗೆ ಬಂದರು. ನನ್ನ ಬ್ಯಾಗಿನ ಪಕ್ಕದಲ್ಲಿ ನೇತಾಡುತ್ತಿದ್ದ ಕೆಂಪು ಬೀಗವನ್ನು ಮೂರು ಬೆರಳಲ್ಲಿ ಒಮ್ಮೆ ತೂಗಿ ನೋಡಿ, ಬಿಟ್ಟರು.

ಕಟ್ಟಡಕ್ಕೆ ಹೋದಾಗ ಆರನೇ ಮಹಡಿಯ ಆಫೀಸೊಂದು ಖಾಲಿಯಾಗುತ್ತಿತ್ತು. ಕೆಳಗೆ ಲಾರಿ ನಿಂತಿತ್ತು. ಕಾಗದ ತುಂಬಿದ ಕಬ್ಬಿಣದ ಬೀರುಗಳನ್ನು ಕೂಲಿಯವರು ಬಿಚ್ಚಿ ಖಾಲಿ ಮಾಡದೆ, ಹಾಗೆಹಾಗೇ ಲಿಫ್ಟಿನಲ್ಲಿ ಇಳಿಸುತ್ತಿದ್ದರು. ಲಿಫ್ಟಿನಲ್ಲಿ ಆರು ಜನ ಅಂತ ಬರೆದಿದೆ, ಬೀರು ಅಂತ ಎಲ್ಲಿ ಬರೆದಿದೆ ಅಂದ ವಾಚ್‌ಮನ್ನು, ನಾನು ಕೇಳಿದ್ದಕ್ಕೆ. ನಾನು ಮೆಟ್ಟಿಲು ಹತ್ತಿದೆ.

ಅಕ್ಕ ಪ್ಲಾಸ್ಟರ್ ಕೋಣೆಯಲ್ಲಿದ್ದಳು. ಬಕೆಟ್ಟಿನಲ್ಲಿ ಬಿಳಿ ನೀರು, ನೆಲದ ಮೇಲೆ ಕತ್ತರಿಸಿ ಬಿಸಾಕಿದ ಕಾಲಿನಾಕಾರದ ಚಿಪ್ಪುಗಳು. ಅವುಗಳಲ್ಲಿ ಒಂದರ ಮೇಲೆ ಯಾರದೋ ಮಗು ಬಣ್ಣದ ಪೆನ್ಸಿಲ್ಲಿನಲ್ಲಿ ಮನೆ ಬಿಡಿಸಿತ್ತು. ಅಕ್ಕ ಅವನ್ನು ಗುಡಿಸುತ್ತಲೇ, ನನ್ನ ಮುಖ ನೋಡದೆ, ಊಟ ಆಯಿತಾ ಅಂದಳು. ಆಗಲೇ ನನಗೆ ಗೊತ್ತಾಯಿತು.

"ನೀನೇ ತೋರಿಸಿದೆಯಾ?"

"ಬಯ್ಯಿಸೋಕೆ ತೋರಿಸಲಿಲ್ಲ ಕಣೋ. ಇದು ನಮ್ಮ ಲಿಫ್ಟೇ ಅಲ್ವಾ ಅಂತ ಅವರನ್ನ ಕೇಳಿದೆ."

ನಲವತ್ತೊಂದನ್ನೂ ತಪ್ಪದೆ ಓದಿದವಳು ಅವಳೊಬ್ಬಳೇ. ಹಳೇ ಫೋನು ಕೊಟ್ಟವಳೂ ಅವಳೇ. ಭಾವ ಅವಳಿಗೆ ಏನು ಹೇಳಿದ್ದಾನೆ ಅಂತ ಕೇಳಿದೆ. ಹೋದ ವಾರವೇ ಡ್ರಮ್ಮನ್ನು ಕಚ್ಚಿ ಹಿಡಿಯುವ ಹೊಸ ಬ್ರೇಕ್ ಲೈನಿಂಗು ಪಟ್ಟಿ ತರಿಸಿ ತಾನೇ ಕೂತು ಹಾಕಿದ್ದಾನಂತೆ. ನಿನ್ನ ತಮ್ಮ ಹಳೇ ಕಂತೆ ಪುರಾಣ ಬರೆದು ನನ್ನ ಹೊಟ್ಟೆ ಮೇಲೆ ಹೊಡೀತಿದ್ದಾನೆ ಅಂದನಂತೆ. ಹೊಸ ಸಾಮಾನು ಬಂದರೆ ಇಳಿಸಿಕೊಳ್ಳುವವನು ನಾನು. ಆರು ತಿಂಗಳಿಂದ ಒಂದು ಲೈನಿಂಗೂ ಬಂದಿಲ್ಲ. ಅದನ್ನು ಅಕ್ಕನಿಗೆ ಹೇಳಿದೆ. ಅವಳು ಗುಡಿಸುವುದನ್ನು ನಿಲ್ಲಿಸಿದಳು.

"ಅಳಿಸಿಬಿಡೋ. ಅವರ ಕೆಲಸ ಹೋದರೆ ಮನೆ ಮುರಿಯುತ್ತೆ."

"ಲಿಫ್ಟು?"

"ನೀನು ಬರೆದದ್ದು ಸುಳ್ಳಾಗಲಿ ಅಂತಲೇ ನಾನು ದಿನಾ ಅದರಲ್ಲಿ ಹೋಗೋದು," ಅಂದಳು ಅಕ್ಕ. ಆಮೇಲೆ ಆ ಮನೆಯ ಚಿತ್ರವಿದ್ದ ಚಿಪ್ಪನ್ನೂ ಎತ್ತಿ ಕಸದ ಡಬ್ಬಿಗೆ ಹಾಕಿದಳು.

ಆರು ಮತ್ತು ಏಳರ ನಡುವಿನ ಮೆಟ್ಟಿಲ ಮೇಲೆ ಕೂತು ಫೋನು ತೆಗೆದೆ. ಒಂದೊಂದನ್ನೇ ಅಳಿಸಲು ಮನಸ್ಸು ಬರಲಿಲ್ಲ. ಹಲ್ಲು ಕೀಳಿಸುವಾಗ ಒಂದೊಂದೇ ಕೀಳಿಸುವುದು ಯಾಕೆ? ಪೂರಾ ಬ್ಲಾಗೇ ಹೋಗಲಿ ಅಂತ ಒತ್ತಿದೆ. ಖಂಡಿತವೇ ಅಂತ ಕೇಳಿತು. ಹೌದು. ಮತ್ತೆ ಕೇಳಿತು, ಇದನ್ನು ವಾಪಸ್ ತರಲಾಗದು ಅಂತ. ಭಾವ ಕೂಡ ಇಷ್ಟು ಮರ್ಯಾದೆಯಿಂದ ಎರಡೆರಡು ಸಲ ಕೇಳಿರಲಿಲ್ಲ. ಒತ್ತಿದೆ. ಎರಡು ವರ್ಷ ಒಂದು ಉಸಿರಿನಲ್ಲಿ ಹೋಯಿತು. ಅಳು ಬರಬಹುದು ಅಂದುಕೊಂಡಿದ್ದೆ. ಬಂದದ್ದು ಸಿಟ್ಟು. ಯಾರ ಮೇಲೆ ಅಂತ ಕೇಳಿದರೆ, ಮೊದಲು ನನ್ನ ಮೇಲೆಯೇ. ಬೀಳೋದನ್ನ ಅಭ್ಯಾಸ ಮಾಡ್ತಿದೆ ಅಂತ ಬರೆದು, ಆ ಸಾಲು ಚೆನ್ನಾಗಿ ಬಂತು ಅಂತ ಖುಷಿಪಟ್ಟು, ಹನ್ನೊಂದು ಹನ್ನೆರಡಾಯಿತಾ ಅಂತ ದಿನಾ ನೋಡಿದವನು ನಾನು. ಆ ಬರಹ ಹಾಕಿದ ಮೇಲಿನ ಹದಿನೈದು ದಿನವೂ ಅಕ್ಕ ದಿನಕ್ಕೆ ನಲವತ್ತು ಸಲ ಅದರೊಳಗೆ ನಿಂತಿದ್ದಳು.

ಎದ್ದು ಮಷಿನ್ ರೂಮಿನ ಬೀಗ ತೆಗೆದೆ. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಡ್ರಮ್ಮು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಡ್ರಮ್ಮು ಹೊಳೆಯಬಾರದು. ಕೆಳಗೆ ನೆಲದ ಮೇಲೆ ಲೈನಿಂಗಿನ ಪುಡಿ ಎಣ್ಣೆಯಲ್ಲಿ ಕಲಸಿ ಕಪ್ಪು ಹಿಟ್ಟಾಗಿತ್ತು. ಬೆರಳಿಟ್ಟರೆ ಹಿಟ್ಟಿನೊಳಗೆ ಬೆರಳು ಹೂತುಹೋಯಿತು.

ಕಾರ್ಡು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ನಾನು ಸಹಿ ಹಾಕಬೇಕಾದದ್ದು ಈ ತಿಂಗಳ ಕಾಲಂನಲ್ಲಿ. ಹದಿನಾಲ್ಕೂ ಸರಿ, ನೀಲಿ ಪೆನ್ನು. ಪಕ್ಕದ ಕಾಲಂ ನೋಡಿದೆ. ಅದೂ ತುಂಬಿತ್ತು. ಹದಿನಾಲ್ಕೂ ಸರಿ, ಕಪ್ಪು ಪೆನ್ನು, ಭಾವನ ಸಹಿ, ಮುಂದಿನ ತಿಂಗಳ ಹನ್ನೆರಡನೇ ತಾರೀಕು. ಆ ದಿನ ಇನ್ನೂ ಹುಟ್ಟಿರಲಿಲ್ಲ. ಆ ದಿನದ ಬ್ರೇಕು ಆಗಲೇ ಸರಿಯಿತ್ತು. ಒಂದು ಮೂಲೆಯಲ್ಲಿ ಹೆಬ್ಬೆರಳಿನ ಗ್ರೀಸೂ ಇತ್ತು.

ಇದನ್ನು ಅಕ್ಕ ಕಣ್ಣಾರೆ ನೋಡಲಿ ಅಂತ ಕಾರ್ಡು ಕಿತ್ತುಕೊಂಡು ಐದನೇ ಮಹಡಿಗೆ ಇಳಿದೆ. ಅವಳು ಲಿಫ್ಟಿನ ಬಾಗಿಲ ಮುಂದೆ ನಿಂತಿದ್ದಳು. ಗಾಲಿಕುರ್ಚಿಯಲ್ಲಿ ಒಬ್ಬ ಮುದುಕಿ, ಬಲಗಾಲು ಉದ್ದಕ್ಕೆ ಚಾಚಿ ಹಲಗೆಯ ಮೇಲೆ. ಮುದುಕಿ ತನ್ನ ಸೊಸೆಯ ಬಗ್ಗೆ ಏನೋ ದೂರು ಹೇಳುತ್ತಿದ್ದಳು, ಅಕ್ಕ ಹೂಂ ಹೂಂ ಅನ್ನುತ್ತಿದ್ದಳು. ಗಂಟೆ ಬಾರಿಸಿತು. ಬಾಗಿಲು ತೆರೆಯಿತು.

ಒಳಗೆ ಒಂದು ಬೀರು, ಇಬ್ಬರು ಕೂಲಿಯವರು. ನೆಲ ನಾಲ್ಕು ಬೆರಳು ಕೆಳಗಿತ್ತು. ಬಾರವ್ವ, ಕುರ್ಚಿಗೆ ಮಾತ್ರ ಜಾಗ ಇದೆ, ನೀವಿಬ್ಬರು ಮೆಟ್ಟಿಲಲ್ಲಿ ಬನ್ನಿ ಅಂದ ಒಬ್ಬ. ನಾನು ತಡೆಯುವಷ್ಟರಲ್ಲಿ ಅಕ್ಕ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಮುಂದಿನ ಚಕ್ರ ಎರಡನ್ನೂ ಮೆಲ್ಲಗೆ ಒಳಕ್ಕೆ ಇಳಿಸಿದಳು. ಮುದುಕಿಯ ಚಾಚಿದ ಕಾಲು ಪೂರ್ತಿ ಒಳಗಿತ್ತು.

ನಾನು ನೋಡುತ್ತಿದ್ದದ್ದು ಹೊಸ್ತಿಲನ್ನು. ನಾಲ್ಕು ಬೆರಳಿದ್ದದ್ದು ಐದಾಯಿತು. ಗಂಟೆಯಿಲ್ಲ, ಸದ್ದಿಲ್ಲ, ಬಾಗಿಲು ಬಾಯಿ ತೆರೆದೇ ಇದೆ. ನಿಂತ ಲಿಫ್ಟು ಇಳಿಯುತ್ತಿತ್ತು. ಮಲಗಿದವನ ಕೈಯಿಂದ ಲೋಟ ಜಾರುವ ಹಾಗೆ, ಅಷ್ಟು ನಿಧಾನ. ಕುರ್ಚಿ ಮುಂದಕ್ಕೆ ವಾಲತೊಡಗಿತು. ಮುದುಕಿಯ ಮಾತು ಸೊಸೆಯ ಹತ್ತಿರವೇ ನಿಂತುಹೋಯಿತು.

ಕಾರ್ಡು ಬಿಸಾಕಿ ಕುರ್ಚಿಯ ಹಿಂದಿನ ಹಿಡಿ ಹಿಡಿದೆ. ಒಂದು ಹಿಡಿಯಲ್ಲಿ ಅಕ್ಕ, ಒಂದು ಹಿಡಿಯಲ್ಲಿ ನಾನು. ಜಗ್ಗಿದೆವು. ಚಕ್ರ ಹೊಸ್ತಿಲಿನ ಅಂಚಿಗೆ ಸಿಕ್ಕಿತು. ಮತ್ತೆ ಜಗ್ಗಿದೆವು. ಕುರ್ಚಿ, ಮುದುಕಿ, ನಾವಿಬ್ಬರು ಎಲ್ಲರೂ ಹಿಂದಕ್ಕೆ ಹೋಗಿ ಗೋಡೆಗೆ ಬಿದ್ದೆವು. ತಲೆಯೆತ್ತಿ ನೋಡಿದರೆ ನೆಲ ಒಂದು ಗೇಣು ಕೆಳಗೆ ಹೋಗಿ ನಿಂತಿತ್ತು. ಕೂಲಿಯವರು ಮೊಣಕಾಲು ಮುರಿದವರ ಹಾಗೆ ಗಿಡ್ಡಗೆ ಕಾಣುತ್ತಿದ್ದರು. ಅವರು ನಗುತ್ತಿದ್ದರು. ಮುದಿ ಲಿಫ್ಟು, ಬೆಳಿಗ್ಗೆಯಿಂದ ಹೀಗೇ ಆಡ್ತಿದೆ ಅಂದರು. ಬಾಗಿಲು ಮುಚ್ಚಿತು. ಅವರನ್ನೂ ಬೀರನ್ನೂ ಹೊತ್ತುಕೊಂಡು ಕೆಳಗೆ ಹೋಯಿತು.

ಅಕ್ಕ ಮುದುಕಿಯ ಕಾಲಿನ ಹಲಗೆ ಸರಿ ಮಾಡಿದಳು. ಕಾರ್ಡು ಅವಳ ಕಾಲ ಹತ್ತಿರ ಬಿದ್ದಿತ್ತು. ಎತ್ತಿ ನೋಡಿದಳು. ಗಂಡನ ಅಕ್ಷರ ಅವಳಿಗೆ ಗೊತ್ತಿರದೆ ಇರುತ್ತದೆಯೇ? ಮುಂದಿನ ತಿಂಗಳ ತಾರೀಕಿನ ಮೇಲೆ ಹೆಬ್ಬೆರಳು ಇಟ್ಟಳು.

ನಾನು ಮೆಟ್ಟಿಲ ಸಂದಿನಿಂದ ಕೆಳಕ್ಕೆ ಬಗ್ಗಿ, ಲಿಫ್ಟಿನಲ್ಲಿ ಯಾರಿದ್ದಾರೆ ಅಂತ ಕೂಗಿದೆ. ಬೀರು ಇಳಿಸಿಯಾಯ್ತು, ಖಾಲಿ, ಅಂತ ವಾಚ್‌ಮನ್ನು ಕೂಗಿದ. ಕಣ್ಣಲ್ಲಿ ನೋಡಿ ಹೇಳಯ್ಯ ಅಂದೆ. ನೋಡಿದೆ, ಖಾಲಿ ಅಂದ. ಬಾಗಿಲಿಗೆ ಅಡ್ಡ ನಿಲ್ಲು, ಯಾರನ್ನೂ ಒಳಗೆ ಬಿಡಬೇಡ ಅಂತ ಹೇಳಿ, ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಹೋದೆ. ಮೇನ್ ಸ್ವಿಚ್ಚು ಕೆಳಗೆಳೆದೆ. ಮಷಿನ್ನಿನ ಗುಂಯ್ ಸದ್ದು ಸತ್ತಿತು. ಸ್ವಿಚ್ಚಿನ ಹಿಡಿಯಲ್ಲಿ ಒಂದು ತೂತಿದೆ. ಆ ತೂತಿಗೆ ನನ್ನ ಕೆಂಪು ಬೀಗ ಹಾಕಿ ಒತ್ತಿದೆ.

ಈ ಬೀಗದ ವಿಷಯ ಹೇಳಬೇಕು. ಕೆಲಸಕ್ಕೆ ಸೇರಿದ ದಿನ ಪ್ರತಿಯೊಬ್ಬನಿಗೂ ಒಂದು ಕೊಡುತ್ತಾರೆ, ನಂಬರು ಕೊರೆದದ್ದು. ನನ್ನದು ಒಂಬತ್ತು. ಒಂದೇ ಕೀಲಿ. ಲಿಫ್ಟಿನ ಬಾವಿಯೊಳಗೆ ಇಳಿಯುವವನು ಸ್ವಿಚ್ಚಿಗೆ ತನ್ನ ಬೀಗ ಹಾಕಿ, ಕೀಲಿ ತನ್ನ ಜೇಬಿನಲ್ಲಿಟ್ಟುಕೊಂಡು ಇಳಿಯುತ್ತಾನೆ. ಹಾಕಿದವನೇ ತೆಗೆಯಬೇಕು. ಬೇರೆಯವರ ಬೀಗ ಮುಟ್ಟಿದವನಿಗೆ ನಮ್ಮ ಕಸುಬಿನಲ್ಲಿ ಯಾರೂ ನೀರೂ ಕೊಡುವುದಿಲ್ಲ. ಗ್ರೀಸ್ ತಾತನ ಎರಡು ಬೆರಳು ಹೋದದ್ದು ಹಾಗೇ. ಯಾರೋ ಅವಸರದವನು ಬೀಗ ಒಡೆದು ಸ್ವಿಚ್ಚು ಹಾಕಿದ್ದ. ನನಗೆ ಒಂಬತ್ತನೇ ನಂಬರು ಕೊಟ್ಟ ದಿನ ಇದನ್ನೆಲ್ಲ ಹೇಳಿಕೊಟ್ಟವನು ಭಾವ. ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿ, "ದೇವರು ಬಂದು ಕೇಳಿದರೂ ಕೊಡಬೇಡ. ನಾನೇ ಕೇಳಿದರೂ ಕೊಡಬೇಡ" ಅಂದಿದ್ದ. ಆಗ ಅವನು ಒಳ್ಳೆಯ ಮೆಕ್ಯಾನಿಕ್ಕು. ಕುರ್ಚಿ ಇನ್ನೂ ಸಿಕ್ಕಿರಲಿಲ್ಲ.

ಬೀಗದ ಜೊತೆ ಒಂದು ರಟ್ಟಿನ ಚೀಟಿ ಕಟ್ಟಬೇಕು. ಅದರಲ್ಲಿ ಮೂರು ಸಾಲಿಗೆ ಜಾಗ: ಯಾರು, ಯಾವತ್ತು, ಯಾಕೆ. ಪೆನ್ನು ತೆಗೆದೆ. ಯಾಕೆ ಅನ್ನುವ ಸಾಲು ನನ್ನ ಹೆಬ್ಬೆರಳಿನಷ್ಟೇ ಉದ್ದ. ‘ಬ್ರೇಕು ಹಿಡಿಯುತ್ತಿಲ್ಲ’ ಅಂತ ಬರೆದೆ. ಎರಡು ವರ್ಷದಲ್ಲಿ ನಾನು ಬರೆದದ್ದರಲ್ಲೆಲ್ಲ ಅದೇ ಚಿಕ್ಕದು.

ಕೆಳಗೆ ಬಂದಾಗ ಐದನೇ ಮಹಡಿಯಲ್ಲಿ ಆಗಲೇ ಗದ್ದಲ. ಪ್ಲಾಸ್ಟರ್ ಹಾಕಿಸಿಕೊಂಡ ಆರು ಜನ ಬೆಂಚಿನ ಮೇಲೆ. ಲಿಫ್ಟು ಯಾವಾಗ ಅಂತ ಅವರು, ಯಾರಪ್ಪ ನಿಲ್ಲಿಸಿದ್ದು ಅಂತ ಡಾಕ್ಟರು. ನಾನು ಅಂದೆ. ಅಕ್ಕ ಕುರ್ಚಿಯ ಹಿಂದಿನ ಹಿಡಿ ತಾನು ಹಿಡಿದು, ಮುಂದಿನ ಕಂಬಿಗಳ ಕಡೆ ಕಣ್ಣಲ್ಲೇ ತೋರಿಸಿದಳು. ಹಿಡಿದೆ. ಐದು ಮಹಡಿ, ಮೆಟ್ಟಿಲು ಮೆಟ್ಟಿಲಾಗಿ, ಮುದುಕಿಯನ್ನು ಹೊತ್ತು ಇಳಿಸಿದೆವು. ಪ್ರತಿ ತಿರುವಿನಲ್ಲೂ ಮುದುಕಿ ನಮ್ಮಿಬ್ಬರಿಗೂ ಆಶೀರ್ವಾದ ಮಾಡುತ್ತಿದ್ದಳು, ನಡುವೆ ಸೊಸೆಗೆ ಶಾಪ ಹಾಕುತ್ತಿದ್ದಳು. ಅಕ್ಕನ ಕುತ್ತಿಗೆಯ ನರ ಉಬ್ಬಿತ್ತು. ಅವಳು ನನ್ನ ಜೊತೆ ಮೆಟ್ಟಿಲಲ್ಲಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಕೆಳಗೆ ತಲುಪುವಷ್ಟರಲ್ಲಿ ಕಂಪನಿಯ ವ್ಯಾನು ಬಂದು ನಿಂತಿತ್ತು. ಮ್ಯಾನೇಜರು ಫೋನು ಮಾಡಿದ್ದ. ಭಾವ, ಹಿಂದೆ ಗ್ರೀಸ್ ತಾತ, ತಾತನ ಕೈಯಲ್ಲಿ ಬೀಗ ಕತ್ತರಿಸುವ ದೊಡ್ಡ ಕಟ್ಟರು. ಲಾರಿಯವರು, ಕೂಲಿಯವರು, ಬೀದಿಯವರು ಎಲ್ಲ ಸೇರಿದ್ದರು. ಬೆಳಿಗ್ಗೆ ಎಂಟು ಜನರ ಮುಂದೆ ಆದದ್ದು ಈಗ ಮೂವತ್ತು ಜನರ ಮುಂದೆ ಆಗುತ್ತೆ ಅಂದುಕೊಂಡೆ. ಹಾಗೇ ಆಯಿತು. ನನ್ನ ಓದು, ನನ್ನ ಯೋಗ್ಯತೆ, ನಾನು ಉಂಡ ಅನ್ನ, ಒಂದನ್ನೂ ಭಾವ ಬಿಡಲಿಲ್ಲ. ಮ್ಯಾನೇಜರು ಪಕ್ಕದಲ್ಲಿ ನಿಂತು ತಾಳ ಹಾಕುತ್ತಿದ್ದ. ಕೊನೆಗೆ ಭಾವ ತಾತನ ಕಡೆ ತಿರುಗಿ, ಹೋಗಿ ಕತ್ತರಿಸಿ ಬಾ ಅಂದ.

ಗ್ರೀಸ್ ತಾತ ಕಟ್ಟರನ್ನು ನೆಲದ ಮೇಲೆ ಇಟ್ಟರು. ಕೆಲಸದ ಸಾಮಾನನ್ನು ಅವರು ಎಂದೂ ಬಿಸಾಕುವವರಲ್ಲ. "ಇದನ್ನ ಹಿಡಿಯೋಕೆ ನನ್ನ ಕೈಯಲ್ಲಿ ಬೆರಳು ಸಾಲವು," ಅಂದರು.

ಯಾರೂ ನಗಲಿಲ್ಲ. ಕಟ್ಟರು ನೆಲದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಭಾವ ಅದನ್ನು ನೋಡಿದ. ಎತ್ತಿಕೊಳ್ಳಬಹುದಿತ್ತು. ಅವನ ಕೈ ಒಮ್ಮೆ ಮುಂದಕ್ಕೂ ಬಂತು. ತಾತ ಅವನನ್ನೇ ನೋಡುತ್ತಿದ್ದರು. ಕೈ ಜೇಬಿಗೆ ಹೋಯಿತು, ಮೂರು ಪೆನ್ನುಗಳ ಹತ್ತಿರ.

ಆಮೇಲೆ ಅವನು ನನ್ನ ಹತ್ತಿರ ಬಂದ. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಮುಖ ಬೆವರಿತ್ತು. ನನಗೊಬ್ಬನಿಗೇ ಕೇಳುವ ಹಾಗೆ, ಹೆಚ್ಚು ಕಡಿಮೆ ಪ್ರೀತಿಯಿಂದಲೇ ಹೇಳಿದ.

"ಇದೊಂದೇ ಅಂದುಕೊಂಡೆಯೇನೋ? ಅರವತ್ತೆರಡು ಇವೆ. ಇದಕ್ಕಿಂತ ಕೆಟ್ಟವು ಎಷ್ಟಿವೆ ಅಂತ ನನಗೂ ಗೊತ್ತಿಲ್ಲ. ನಿನ್ನ ಹತ್ತಿರ ಇರೋದು ಒಂದೇ ಬೀಗ."

ಅವನು ಸುಳ್ಳು ಹೇಳುವಾಗ ಬಲಗಣ್ಣು ಕಿರಿದಾಗುತ್ತೆ. ಆಗ ಆಗಲಿಲ್ಲ. ಅವನ ಹಿಂದೆ ಬೀದಿಯುದ್ದಕ್ಕೂ ಕಟ್ಟಡಗಳಿದ್ದವು, ಒಂದಕ್ಕಿಂತ ಒಂದು ಎತ್ತರ. ಅವುಗಳಲ್ಲಿ ಎಷ್ಟೋ ನಮ್ಮವೇ. ಎದುರಿನದರ ಗಾಜಿನ ಬಾಗಿಲಿನೊಳಗೆ ಆರೇಳು ಜನ ಲಿಫ್ಟಿಗೆ ಕಾಯುತ್ತ, ತಲೆಯೆತ್ತಿ ಅಂಕಿ ನೋಡುತ್ತ ನಿಂತಿದ್ದರು.

"ಕೀಲಿ ಕೊಡು," ಅಂದ ಭಾವ, ಅಂಗೈ ಚಾಚಿ. "ನಿನ್ನ ಅಕ್ಕನ ಮುಖ ನೋಡಿಯಾದರೂ ಕೊಡೋ."

ಅಕ್ಕನ ಮುಖ ನೋಡಿದೆ. ಅವಳು ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಎದೆ ಏರಿಳಿಯುತ್ತಿತ್ತು. ಮಡಿಲಲ್ಲಿ ಕಾರ್ಡು. ಗಂಡ ಕೈ ಚಾಚಿದ್ದನ್ನು ನೋಡಿದಳು, ನನ್ನ ಮುಷ್ಟಿ ನೋಡಿದಳು. ಕಾರ್ಡನ್ನು ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಎದ್ದು, ಸೀರೆಯ ಸೆರಗು ಬಿಗಿದು, ಮುಂದಿನ ರೋಗಿಯನ್ನು ಇಳಿಸಲು ಮೆಟ್ಟಿಲು ಹತ್ತತೊಡಗಿದಳು.

ಕೀಲಿ ಅಂಗೈಗೆ ಒತ್ತಿ ನೋಯುತ್ತಿತ್ತು. ಭಾವ ಮತ್ತೊಮ್ಮೆ ಕೇಳಿದ. ನಾನು ಬ್ಯಾಗು ಹೆಗಲಿಗೆ ಏರಿಸಿಕೊಂಡು, ಅವನ ಚಾಚಿದ ಕೈಯ ಪಕ್ಕದಿಂದ ದಾಟಿ, ಬೀದಿಗೆ ಇಳಿದು ನಡೆದೆ.